‘ಮನೇಲಿ ಹೆಂಗಕ್ಕಾ ಒಪ್ಸಿದ್ರಿ?’

ಯಾರಾದ್ರೂ ಹುಡ್ಗಿ ಹತ್ರ ಬಂದು "ಅಕ್ಕಾ ಒಂದ್ ವಿಷ್ಯ ಕೇಳ್ಲಾ" ಅಂದ್ರೆ ಸಾಕು, ಮುಂದೇನು ಅಂತ ನಂಗೆ ಗೊತ್ತು. ಬೆಲ್ಲ ತಗೊಳ್ಳಕ್ಕೆ ಅಪ್ಪನ ಬೈಕ್ ಹಿಂದೆ ಕೂತ್ಕೊಂಡು ಬಂದಿರ್ತಾರೆ, ಅಪ್ಪ ಅತ್ಲಾಗೆ ತೂಕ ಹಾಕಿಸ್ತಾ ಇರ್ತಾರೆ, ಇವ್ರು ಇತ್ಲಾಗೆ ಮೆಲ್ಲಗೆ ಕೇಳ್ತಾರೆ, ಮನೇಲಿ ಹೆಂಗಕ್ಕಾ ಒಪ್ಸಿದ್ರಿ ಅಂತ. ಮೊನ್ನೆ ಮಂಡ್ಯದ ಒಂದು ಪಿಯು ಕಾಲೇಜಿಗೆ ಮಾತಾಡಕ್ಕೆ ಕರ್ದಿದ್ರು, ಅಲ್ಲೂ ಅದೇ. ಸ್ಟೇಜ್ ಮೇಲೆ ಪ್ರಿನ್ಸಿಪಾಲ್ರು ಪಕ್ಕ ಕೂತಿರೋವಾಗ ಏನೋ ಹಾರಿಕೆ ಉತ್ತರ ಕೊಟ್ಟು ಬಂದೆ, ಆಮೇಲೆ ಬೇಜಾರಾಯ್ತು, ಅದಕ್ಕೆ ಇಲ್ಲಿ ಬರೀತಿದೀನಿ.

ಉತ್ತರ ಏನಪ್ಪಾ ಅಂದ್ರೆ, ಒಪ್ಸಿಲ್ಲ. ಇವತ್ತಿಗೂ ಒಪ್ಪಿಲ್ಲ.

ಗೊತ್ತಿಲ್ದೇ ಇರೋರಿಗೆ ಹೇಳ್ಬಿಡ್ತೀನಿ, ನಮ್ದು ಮದ್ದೂರು ಕಡೆ ಹಳ್ಳಿ, ನಾನು ಬಿಎಸ್ಸಿ ಅಗ್ರಿ ಮುಗ್ಸಿ ಈಗ ನಮ್ಮನೆ ಆಲೆಮನೆ, ಅಂದ್ರೆ ಕಬ್ಬು ಅರೆದು ಬೆಲ್ಲ ಮಾಡೋ ಜಾಗ, ನಡೆಸ್ತಿದೀನಿ. ಓನರ್ ಅಂತ ಕುರ್ಚಿ ಹಾಕ್ಕೊಂಡು ಕೂರೋದಲ್ಲ, ಕೊಪ್ಪರಿಗೆ ಮುಂದೆ ನಿಂತು ಪಾಕ ಇಳಿಸೋದು ನಾನೇ. ನಮ್ಮಪ್ಪನಿಗೆ ನಾನು ಡಾಕ್ಟರ್ ಆಗ್ಬೇಕಿತ್ತು.

ಇಲ್ಲಿ ಅಪ್ಪನ್ನ ವಿಲನ್ ಮಾಡೋದು ಬಾಳ ಸುಲಭ, ಆದ್ರೆ ಹಂಗಿಲ್ಲ. ನಮ್ಮ ಕಡೆ ಗಂಡಸ್ರು ಬೆಳಗ್ಗೆ ಪೇಪರ್ ತೆಗೆದ್ರೆ ಮೊದಲು ನೋಡೋದು ಕೆಆರ್‌ಎಸ್ ಎಷ್ಟಿದೆ ಅಂತ. ಡ್ಯಾಮ್ ತುಂಬಿದ್ರೆ 124.80 ಅಡಿ, ಆ ನಂಬರ್ ಮಕ್ಳಿಗೆ ಮಗ್ಗಿಗಿಂತ ಮುಂಚೆ ಬಾಯಿಪಾಠ ಆಗಿರುತ್ತೆ. 2016ರಲ್ಲಿ ಮಳೆ ಕೈ ಕೊಡ್ತು, ಕಾವೇರಿ ಗಲಾಟೆ ಆಯ್ತು, ಬೆಂಗಳೂರಲ್ಲಿ ಬಸ್ ಸುಟ್ರು, ಅದೆಲ್ಲ ಟಿವೀಲಿ ಬಂತು. ಟಿವೀಲಿ ಬರ್ದೇ ಇದ್ದಿದ್ದು ಅಂದ್ರೆ ನಮ್ಮಪ್ಪ ಸಂಜೆ ಹೊತ್ತು ಒಣಗ್ತಾ ಇರೋ ಕಬ್ಬಿನ ಗದ್ದೆ ಬದು ಮೇಲೆ ಸುಮ್ನೆ ಹೋಗಿ ಕೂತ್ಕೊಳೋರು, ಕತ್ಲಾದ್ರೂ ಬರ್ತಿರ್ಲಿಲ್ಲ, ಅವ್ವ ನನ್ನ ಕಳ್ಸೋಳು ಕರ್ಕೊಂಡ್ ಬಾ ಅಂತ. ನಂಗಾಗ ಹದಿನಾಲ್ಕು. ಒಂದಿನ ವಾಪಸ್ ಬರ್ತಾ ಅಂದ್ರು, "ನೀನು ಮಾತ್ರ ಈ ಮಣ್ಣಿಗೆ ಕಾಲಿಕ್ಬೇಡ ಕಣವ್ವ." ಡಾಕ್ಟರ್ ಅನ್ನೋ ಮಾತು ಹುಟ್ಟಿದ್ದು ಅಲ್ಲಿ. ಅದು ದುಡ್ಡಿನ ಆಸೆ ಆಗಿರ್ಲಿಲ್ಲ, ನೀರಿನ ಭಯ. ಸಿನಿಮಾದಲ್ಲಿ ಅಪ್ಪ ಜೋರು ಮಾಡ್ತಾರೆ ಮಗಳು ತಿರುಗಿ ಬೀಳ್ತಾಳೆ, ನಿಜದಲ್ಲಿ ಅಪ್ಪ ಹೆದರ್ಕೊಂಡಿರ್ತಾರೆ, ಹೆದರಿದೋರ ಹತ್ರ ಹೆಂಗ್ರೀ ಜಗಳ ಆಡೋದು?

ಇನ್ನೊಂದು ವಿಷ್ಯ. "ಚಿಕ್ಕೋಳಿಂದಲೇ ನಿಮ್ಗೆ ಇದ್ರಲ್ಲಿ ಪ್ಯಾಶನ್ ಇತ್ತಾ" ಅಂತಾನೂ ಕೇಳ್ತಾರೆ. ಇಲ್ಲಾರೀ. ನಂಗೆ ಆಲೆಮನೆ ಕಂಡ್ರೆ ಆಗ್ತಿರ್ಲಿಲ್ಲ. ಹೊಗೆ, ನೊಣ, ಅಂಟಂಟು, ಯೂನಿಫಾರ್ಮ್‌ಗೆಲ್ಲ ಆ ವಾಸನೆ ಮೆತ್ಕೊಂಡಿರೋದು, ಸ್ಕೂಲಲ್ಲಿ ಒಬ್ಳು ನನ್ನ ಬೆಂಚಿಂದ ಎದ್ದು ಬೇರೆ ಕಡೆ ಹೋಗಿ ಕೂತಿದ್ದು ಇನ್ನೂ ಮರ್ತಿಲ್ಲ. ಹಂಗಾಗಿ ಸೈನ್ಸ್ ತಗೋ ಅಂದಾಗ ಖುಷಿಯಾಗೇ ತಗೊಂಡೆ, ನೀಟ್ ಬರಿ ಅಂದಾಗ ಬರೆದೆ, ಸೀಟ್ ಬರ್ದೇ ಇದ್ದಾಗ ಮತ್ತೆ ನೀಟ್ ಬರೆಯೋರಿಗೆ ಅಂತ ಇರೋ ಲಾಂಗ್ ಟರ್ಮ್ ಕೋಚಿಂಗ್ ಸೇರು ಅಂದ್ರು ಸೇರ್ದೆ. ನನ್ನೊಳಗೆ ಏನೋ ಅಡಗಿ ಕೂತಿತ್ತು, ನಾನು ಹುಡುಕ್ತಾ ಇದ್ದೆ, ಅಂತೆಲ್ಲ ಏನೂ ಇಲ್ಲ. ಅಪ್ಪನ ಆಸೇನೇ ನನ್ನ ಆಸೆ ಅಂತ ನಿಜವಾಗ್ಲೂ ಅನ್ಕೊಂಡಿದ್ದೆ.

ಲಾಂಗ್ ಟರ್ಮ್ ಮೈಸೂರಲ್ಲಿ. ಬೆಳಗ್ಗೆ ಐದಕ್ಕೆ ಎಬ್ಬಿಸೋರು, ರಾತ್ರಿ ಹತ್ತರವರೆಗೂ ಅದೇ 180 ಪ್ರಶ್ನೆ 720 ಮಾರ್ಕ್ಸು, ಭಾನುವಾರ ಮಧ್ಯಾಹ್ನ ಮಾತ್ರ ಹೊರಗೆ ಬಿಡೋರು, ಕುಕ್ಕರಹಳ್ಳಿ ಕೆರೆ ಹತ್ರ ಹೋಗಿ ಕೂತ್ಕೊಳೋದು, ವಾಪಸ್ ಬರೋದು. ಅದರ ಬಗ್ಗೆ ಇನ್ನೇನೂ ಬರೆಯಲ್ಲ, ಅನುಭವಿಸಿದೋರಿಗೆ ಗೊತ್ತು.

2020ರ ಸಂಕ್ರಾಂತಿಗೆ ಮನೆಗೆ ಬಂದಿದ್ದೆ. ರಾತ್ರಿ ಅವ್ವ ಊಟದ ಕ್ಯಾರಿಯರ್ ಕೊಟ್ಟು ತಾತನಿಗೆ ಆಲೆಮನೆಗೆ ಕೊಟ್ಬಾ ಅಂದ್ಲು. ಆಗ ನಮ್ಮಲ್ಲಿ ಪಾಕ ನೋಡ್ತಾ ಇದ್ದಿದ್ದು ಒಬ್ರು ಭಯ್ಯಾ, ಉತ್ತರ ಪ್ರದೇಶದ ಮುಜಫ್ಫರ್‌ನಗರದ ಕಡೆಯವ್ರು, ಅಲ್ಲೂ ನಮ್ಮ ಮಂಡ್ಯದ ಥರಾನೇ ಕಬ್ಬು, ಬೆಲ್ಲ. ಅವತ್ತು ಅವ್ರು ಚಿಕ್ಕಪ್ಪನ ಜೊತೆ ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಜಗಳ ಆಡ್ತಿದ್ರು. ವಿಷ್ಯ ಏನಂದ್ರೆ ಕಬ್ಬು ಕಡಿದು ಮೂರು ದಿನ ಆಗಿತ್ತು, ಹಬ್ಬ ಅಂತ ಯಾರೂ ಅರ್ದಿರ್ಲಿಲ್ಲ, ಈಗ ಎಷ್ಟು ಕಾಯಿಸಿದ್ರೂ ಬೆಲ್ಲ ಅಚ್ಚಲ್ಲಿ ಗಟ್ಟಿ ನಿಲ್ತಿಲ್ಲ, ಮೆತ್ತಗೆ ಜಾರ್ತಿದೆ. ಭಯ್ಯಾ ಹೇಳ್ತಿದ್ರು ಕಬ್ಬು ಹಳೇದಾದ್ರೆ ಬೆಲ್ಲ ಕೂರಲ್ಲ, ಕಡಿದ ದಿನಾನೇ ಅರೀಬೇಕು ಅಂತ. ಯಾಕೆ ಅಂತ ಕೇಳಿದ್ರೆ ಅವ್ರಿಗೆ ಗೊತ್ತಿಲ್ಲ, ಚಿಕ್ಕಪ್ಪನಿಗೂ ಗೊತ್ತಿಲ್ಲ.

ನಂಗೆ ಗೊತ್ತಿತ್ತು! ಸೆಕೆಂಡ್ ಪಿಯು ಕೆಮಿಸ್ಟ್ರಿ, ಬಯೋಮಾಲಿಕ್ಯೂಲ್ಸ್ ಚಾಪ್ಟರ್, ಸುಕ್ರೋಸ್ ಒಡೆದ್ರೆ ಗ್ಲುಕೋಸ್ ಫ್ರಕ್ಟೋಸ್ ಆಗುತ್ತೆ, ಅದಕ್ಕೆ ಇನ್ವರ್ಟ್ ಶುಗರ್ ಅಂತಾರೆ. ಎರಡು ವರ್ಷದಿಂದ ಅದನ್ನ ಉರು ಹೊಡೀತಿದ್ದೆ, ಎಬಿಸಿಡಿ ಆಪ್ಷನ್ ತುಂಬಕ್ಕೆ. ಕಡಿದಿಟ್ಟ ಕಬ್ಬಲ್ಲಿ ಅದೇ ಆಗೋದು, ಒಳಗಿರೋ ಸಕ್ರೆ ಒಡೆದೋಗುತ್ತೆ, ಗ್ಲುಕೋಸ್ ಫ್ರಕ್ಟೋಸ್ ಜಾಸ್ತಿ ಆದ್ರೆ ಹರಳು ಕಟ್ಟಲ್ಲ, ಬೆಲ್ಲ ಗಟ್ಟಿಯಾಗಲ್ಲ. ಸುಣ್ಣದ ತಿಳಿ ಹಾಕೋದೂ ಅದಕ್ಕೇನೇ, ಕಬ್ಬಿನ ಹಾಲಿನ ಹುಳಿ ಮುರಿದ್ರೆ ಸಕ್ರೆ ಒಡೆಯೋದು ಕಮ್ಮಿಯಾಗುತ್ತೆ. ಕ್ಯಾರಿಯರ್ ಹಿಡ್ಕೊಂಡೇ ನಿಂತು ಇದನ್ನೆಲ್ಲ ಹೇಳ್ದೆ, ಭಯ್ಯಾಗೆ ಎಷ್ಟು ಅರ್ಥ ಆಯ್ತೋ ಗೊತ್ತಿಲ್ಲ, ತಾತ ಮಾತ್ರ "ಓದಿದ್ದು ದಂಡ ಆಗಿಲ್ಲ ಬುಡು" ಅಂದ್ರು. ಅವತ್ತು ರಾತ್ರಿ ಒಂದೂವರೆವರೆಗೂ ಅಲ್ಲೇ ಇದ್ದೆ. ಟೈಮ್ ನೋಡ್ಕೊಳ್ದೇ ಒಂದು ಕಡೆ ನಿಂತಿದ್ದು ಎಷ್ಟೋ ತಿಂಗಳಾದ್ಮೇಲೆ ಅದೇ ಮೊದಲು.

ಆಮೇಲೆ ಲಾಕ್‌ಡೌನ್. ಮಾರ್ಚಲ್ಲಿ ಹಾಸ್ಟೆಲ್ ಖಾಲಿ ಮಾಡ್ಸಿದ್ರು, ಪುಸ್ತಕದ ಮೂಟೆ ಹೊತ್ಕೊಂಡು ಊರಿಗೆ ಬಂದೆ. ಆನ್‌ಲೈನ್ ಕ್ಲಾಸು ಅಂತ ಹೆಸರಿಗೆ, ನೆಟ್‌ವರ್ಕ್ ಸಿಗ್ತಾ ಇದ್ದಿದ್ದು ಆಲೆಮನೆ ಪಕ್ಕದ ದಿಬ್ಬದ ಮೇಲೆ, ಇದನ್ನ ಅಪ್ಪ ಇವತ್ತಿಗೂ ನಂಬಲ್ಲ. ಭಯ್ಯಾ ಹತ್ರ ಪಾಕದ ಹದ ಕಲಿತಿದ್ದು ಆಗ. ಮೈಸೂರಿಂದ ತಂದಿದ್ದ ಥರ್ಮಾಮೀಟರ್ ಇಟ್ಕೊಂಡು ನಿಂತಿದ್ದೆ, ಅಚ್ಚುಬೆಲ್ಲಕ್ಕೆ 118 ಡಿಗ್ರಿ ಹತ್ರ ಬರ್ಬೇಕು ಅಂತ ಓದಿದ್ದೆ. ಭಯ್ಯಾ ಅದನ್ನ ನೋಡಿ ನಕ್ಕು ಕಣ್ಮುಚ್ಕೊಂಡು ನಿಂತ್ರು, ಗುಳ್ಳೆ ಸದ್ದು ಕೇಳು ಅಂದ್ರು. ಮೊದಲು ಬುಳಬುಳ ಅಂತ ತೆಳ್ಳಗೆ ಇರುತ್ತೆ, ಆಮೇಲೆ ದಪ್ಪ ಆಗಿ ಲೊಚ್ ಲೊಚ್ ಅಂತ ಒಡೆಯುತ್ತೆ. "ಅಬ್" ಅಂದ್ರು, ಈಗ ಅಂತ. ಥರ್ಮಾಮೀಟರ್ ನೋಡ್ದೆ, 117. ತಣ್ಣೀರಿಗೆ ಚೂರು ಪಾಕ ಬಿಟ್ಟು ಉಂಡೆ ಮಾಡಿ ಕೊಪ್ಪರಿಗೆ ಅಂಚಿಗೆ ಎಸೆದ್ರು, ಟಣ್ ಅಂತು.

ಮೇ ತಿಂಗಳಲ್ಲಿ ರೈಲು ಬಿಟ್ರಲ್ಲ, ಭಯ್ಯಾ ಮತ್ತೆ ಅವ್ರ ಜೊತೆಗಿದ್ದ ಆರು ಜನಾನೂ ಊರಿಗೆ ಹೊರಟೋದ್ರು. ಗದ್ದೇಲಿ ಕಬ್ಬು ನಿಂತಿದೆ, ಆಳಿಲ್ಲ. ಒಂದು ಟನ್ ಕಬ್ಬು ಅರೆದ್ರೆ ಹತ್ತತ್ರ ನೂರು ಕೆಜಿ ಬೆಲ್ಲ, ಆ ಲೆಕ್ಕದಲ್ಲಿ ಎಷ್ಟು ಹೋಗ್ತಿದೆ ಅಂತ ಅಪ್ಪ ದಿನಾ ಕ್ಯಾಲೆಂಡರ್ ಹಿಂದೆ ಬರೀತಿದ್ರು. ಕೊನೆಗೆ ಗಾಣಕ್ಕೆ ಚಿಕ್ಕಪ್ಪ, ಒಲೆಗೆ ಸಿಪ್ಪೆ ಹಾಕಕ್ಕೆ ಅಪ್ಪ, ಕಾಯೋವಾಗ ಮೇಲೆ ತೇಲೋ ಮಡ್ಡಿ ತೆಗೆಯಕ್ಕೆ ಅವ್ವ. ಪಾಕಕ್ಕೆ ಯಾರು? ತಾತನಿಗೆ ಕಣ್ಣು ಮಂಜು. ನಾನು ಹೋಗಿ ನಿಂತೆ, ಯಾರೂ ಕರೀಲಿಲ್ಲ, ಯಾರೂ ಬೇಡ ಅನ್ಲೂ ಇಲ್ಲ. ಮೊದಲ್ನೇ ಕೊಪ್ಪರಿಗೆ ಪಾಕ ಸೀದೋಯ್ತು, ಕಪ್ಪಗೆ. ಎರಡ್ನೇದು ನಿಲ್ತು.

ಊರಲ್ಲಿ ಮಾತು ಶುರುವಾಯ್ತು, ಹೆಣ್ಮಗು ಕೊಪ್ಪರಿಗೆ ಹತ್ರ ಹೋಗ್ಬಾರ್ದು, ಮುಟ್ಟಾದಾಗಂತೂ ಆಲೆಮನೆ ಒಳಗೇ ಬರ್ಬಾರ್ದು ಅಂತ. ಅದರ ಬಗ್ಗೆ ನಾನು ಯಾರ ಹತ್ರಾನೂ ವಾದ ಮಾಡ್ಲಿಲ್ಲ, ಯಾರಿಗೂ ಹೇಳಲೂ ಇಲ್ಲ, ಪಾಕಕ್ಕೇನೂ ಆಗ್ಲಿಲ್ಲ. ನಮ್ಮಜ್ಜಿ ಮಾತ್ರ ಜಗಲಿ ಮೇಲೆ ಕೂತು ಒಬ್ರಿಗೆ ಹೇಳ್ತಿದ್ದು ಕೇಳ್ಸ್ತು: "ನಾನು ಐವತ್ತೊರ್ಷ ಒಲೆ ಮುಂದೆ ನಿಂತಿಲ್ವಾ, ಅದು ಚಿಕ್ಕೊಲೆ, ಇದು ದೊಡ್ಡೊಲೆ, ಅಷ್ಟೇಯ."

ಸೆಪ್ಟೆಂಬರ್ 13ಕ್ಕೆ ಮಾಸ್ಕ್ ಹಾಕ್ಕೊಂಡು ನೀಟ್ ಬರೆದೆ. ಬೇಕಂತ ಕೆಡಿಸ್ಲಿಲ್ಲ, ಆಣೆಗೂ. ಬಂದಿದ್ದು 412. ಗೌರ್ಮೆಂಟ್ ಸೀಟಿಗೆ ಹತ್ರಾನೂ ಇಲ್ಲ. ಅಪ್ಪ ಎರಡು ದಿನ ಸುಮ್ನಿದ್ದು ಮೂರನೇ ದಿನ ಊಟಕ್ಕೆ ಕೂತಾಗ ಅಂದ್ರು, ನಾಲೆ ಪಕ್ಕದ ಎರಡೆಕರೆ ಕೊಟ್ಬುಡಣ, ಪ್ರೈವೇಟ್ ಸೀಟ್ ಮಾಡ್ಸಣ ಅಂತ.

ಆ ಎರಡೆಕರೆ ವಿಸಿ ನಾಲೆ, ಅಂದ್ರೆ ಕೆಆರ್‌ಎಸ್‌ನಿಂದ ಬರೋ ವಿಶ್ವೇಶ್ವರಯ್ಯ ನಾಲೆ, ಅದರ ನೀರು ಮೊದಲು ತಾಗೋ ಜಮೀನು. ತಾತ ಇವತ್ತಿಗೂ ಅದನ್ನ ಹಳೇ ಹೆಸರಲ್ಲೇ, ಇರ್ವಿನ್ ನಾಲೆ ಅಂತಾನೇ ಕರೆಯೋದು, ನೀರು ಬರೋಕೆ ಮುಂಚೆ ಇಲ್ಲೆಲ್ಲ ಬರೀ ರಾಗಿ ಹುರುಳಿ ಬೆಳೀತಿದ್ರಂತೆ. ನಾನು ಬೇಡ ಅಂದೆ. ಯಾಕೆ ಅಂದ್ರು. ನಂಗೆ ಬಾಯಿಗೆ ಬಂದಿದ್ದು ಇಷ್ಟೇ, "ಅದನ್ನ ಮಾರಿದ್ರೆ ನಾನು ಕಬ್ಬು ಎಲ್ಲಿಂದ ತರ್ಲಿ?" ಅಂದ್ಬಿಟ್ಟೆ. ಯೋಚ್ನೆ ಮಾಡಿ ಹೇಳಿದ್ದಲ್ಲ. ನಾನು ಏನಾಗ್ಬೇಕು ಅನ್ಕೊಂಡಿದೀನಿ ಅಂತ ಅಪ್ಪನಿಗೆ ಗೊತ್ತಾಗಿದ್ದೂ ಆ ಮಾತಿಂದ, ನಂಗೆ ಗೊತ್ತಾಗಿದ್ದೂ ಆ ಮಾತಿಂದಾನೇ. ಅಪ್ಪ ತಟ್ಟೇಲಿ ಕೈ ತೊಳ್ಕೊಂಡ್ರು. "ಈ ಹೊಗೇಲಿ ಬೇಯ್ಲಿ ಅಂತಾನಾ ನಿನ್ನ ಓದ್ಸಿದ್ದು" ಅಂದ್ರು. ಆಮೇಲೆ ಐದು ತಿಂಗಳು ನನ್ನ ಹತ್ರ ನೇರ ಮಾತಿಲ್ಲ, ಏನೇ ಇದ್ರೂ "ಅವ್ಳಿಗೆ ಹೇಳು" ಅಂತ ಅವ್ವನ ಮೂಲಕ.

ಸಿಇಟಿ ಬರೆದಿದ್ದೆ, ಮಂಡ್ಯ ವಿಸಿ ಫಾರ್ಮ್‌ ಕೃಷಿ ಕಾಲೇಜಲ್ಲಿ ಸೀಟ್ ಸಿಕ್ತು. ಬಿಎಸ್ಸಿ ಅಗ್ರಿ ಅಂದ್ರೆ ಮುಂದೆ ಕೃಷಿ ಇಲಾಖೆ, ಬ್ಯಾಂಕು, ಏನೋ ಒಂದು ನೌಕರಿ, ಆ ಆಸೆ ಮೇಲೆ ಅಪ್ಪ ಫೀಸ್ ಕಟ್ಟಿದ್ರು. ನಾನು ಆ ಆಸೆ ಸುಳ್ಳು ಅಂತ ಹೇಳ್ದೇ ಸುಮ್ನೆ ಕಟ್ಟಿಸ್ಕೊಂಡೆ. ಇದು ಸರಿನಾ? ಗೊತ್ತಿಲ್ಲ, ಈಗ ಬರೆಯೋವಾಗ ಸ್ವಲ್ಪ ಚುಚ್ಚುತ್ತೆ.

ಅದಕ್ಕೇ ಹೇಳಿದ್ದು ಒಪ್ಸಿಲ್ಲ ಅಂತ. ಏನಾಯ್ತು ಅಂದ್ರೆ ಒಗ್ಗೋಯ್ತು. ರಜೆಗೆ ಬಂದಾಗೆಲ್ಲ ಆಲೆಮನೇಲಿ ಇರ್ತಿದ್ದೆ, ಮೊದಮೊದಲು ಅಪ್ಪ ಎದ್ದು ಹೋಗೋರು, ಆಮೇಲೆ ಎದ್ದು ಹೋಗೋದು ನಿಲ್ಸಿದ್ರು, ಆಮೇಲೆ ಒಂದಿನ ಕೈ ಸುಟ್ಕೊಂಡಾಗ ಬೈಕೊಂಡೇ ಮುಲಾಮು ತಂದ್ರು, ಆಮೇಲೆ ಒಂದಿನ ಪಾಕ ಆಯ್ತೇನೋ ನೋಡು ಅಂತ ಚಿಕ್ಕಪ್ಪನಿಗೆ ಹೇಳೋ ಬದ್ಲು ನನ್ ಕಡೆ ನೋಡಿದ್ರು. ಬರೀ ನೋಡಿದ್ರು ಅಷ್ಟೇ, ಮಾತಿಲ್ಲ. ಕೂತು ಪಾಯಿಂಟ್ ಮೇಲೆ ಪಾಯಿಂಟ್ ಹಾಕಿ ಒಪ್ಪಿಸೋ ಒಂದು ಸೀನ್ ಇರುತ್ತೆ ಅಂತ ಕಾಯ್ತಿದ್ರೆ ನಾನಿನ್ನೂ ಕಾಯ್ತಾನೇ ಇರ್ತಿದ್ದೆ.

ಜಗಳ ಆಗಿಲ್ಲ ಅಂತಲ್ಲ, ದೊಡ್ಡದು ಆಗಿದ್ದು ಹೈಡ್ರೋಸ್ ವಿಷ್ಯಕ್ಕೆ. ಹೈಡ್ರೋಸ್ ಅಂದ್ರೆ ಬಣ್ಣ ತಿಳಿ ಮಾಡೋ ಒಂದು ಕೆಮಿಕಲ್ಲು, ಅದನ್ನ ಹಾಕಿದ್ರೆ ಬೆಲ್ಲ ಬಂಗಾರದ ಥರ ಹಳದಿ ಬರುತ್ತೆ, ಮಂಡೀಲಿ ಆ ಬಣ್ಣಕ್ಕೇ ರೇಟು. ಹಾಕ್ದೇ ಮಾಡಿದ್ರೆ ಕಂದು ಬಣ್ಣ, ಹಳೇದು ಅಂದ್ಕೊಂಡು ಕಮ್ಮಿಗೆ ಕೇಳ್ತಾರೆ. ನಾನು ಮೊದಲ್ನೇ ವರ್ಷ ಹಾಕಿದೀನಿ, ಸುಳ್ಳು ಹೇಳಲ್ಲ, ಸಾಲ ಇತ್ತು. ಎರಡ್ನೇ ವರ್ಷ ನಿಲ್ಲಿಸ್ದೆ, ಬರೀ ಸುಣ್ಣ ಮತ್ತೆ ಬೆಂಡೆ ಗಿಡದ ಲೋಳೆ, ಮಡ್ಡಿ ಚೆನ್ನಾಗೇ ಬಿಡುತ್ತೆ. ಚಿಕ್ಕಪ್ಪ ಪಾಲು ಬೇರೆ ಮಾಡಿ ಅನ್ನೋವರೆಗೂ ಹೋಯ್ತು. ಈಗ ಅರ್ಧ ಮನೆ ಬಾಗ್ಲಲ್ಲೇ ಮಾರಾಟ ಆಗುತ್ತೆ, ಅರ್ಧ ಮಂಡಿಗೆ ಕಮ್ಮಿ ರೇಟಿಗೆ ಹೋಗುತ್ತೆ. ಡಾಕ್ಟರ್ ಆಗಿದ್ರೆ ಇದಕ್ಕಿಂತ ಜಾಸ್ತಿ ದುಡೀತಿದ್ದೆ ಅಂತ ನಮ್ಮತ್ತೆ ಹೇಳ್ತಿರ್ತಾರೆ, ಅದು ನಿಜಾನೇ. ಗಂಡು ಹುಡುಕಕ್ಕೆ ಕಷ್ಟ ಆಗ್ತಿದೆ ಅಂತಾನೂ ಹೇಳ್ತಾರೆ, ಅದು ನಂಗೆ ಕಷ್ಟ ಅಲ್ಲ.

ಆ ಪಿಯು ಕಾಲೇಜಲ್ಲಿ ಕೇಳಿದ ಹುಡುಗೀಗೆ ಹೇಳ್ಬೇಕಾಗಿದ್ದು ಇದು: ನಿಮ್ಮಪ್ಪ ಯಾವುದಕ್ಕೆ ಹೆದರ್ತಿದಾರೆ ಅಂತ ಮೊದಲು ನೋಡು ಕಣಮ್ಮ, ನೀನು ಏನಾಗ್ಬೇಕು ಅನ್ನೋದು ಆಮೇಲೆ. ನಮ್ಮಪ್ಪನ ಭಯ ನೀರು. ಹೋದ ವರ್ಷ ಬಂದ ದುಡ್ಡಲ್ಲಿ ನಾನು ಮೊದಲು ಮಾಡಿಸಿದ್ದು ಆ ಎರಡೆಕರೆಗೆ ಡ್ರಿಪ್, ಹನಿ ನೀರಾವರಿ, ಹೊಸ ಗಾಣ ಅಲ್ಲ. ಅಪ್ಪ ಪೈಪ್ ಹಿಡ್ಕೊಂಡು ಸಾಲು ಸಾಲಾಗಿ ಓಡಾಡಿದ್ರು, ಚೆನ್ನಾಗಿದೆ ಅಂತ ಮಾತ್ರ ಅನ್ಲಿಲ್ಲ.

ಈಗ್ಲೂ ನೆಂಟರು ಯಾರಾದ್ರೂ ಬಂದು ಮಗಳು ಏನ್ ಮಾಡ್ತವ್ಳೆ ಅಂದ್ರೆ "ಎಗ್ಸಾಮ್‌ಗೆ ಓದ್ತವ್ಳೆ" ಅಂತಾರೆ. ನಾನು ಎದುರ್ಗೇ ಕೈಯೆಲ್ಲ ಬೆಲ್ಲ ಮಾಡ್ಕೊಂಡು ನಿಂತಿರ್ತೀನಿ, ಅವ್ರೂ ನನ್ನ ನೋಡ್ತಾರೆ, ನಾನೂ ಹೂಂ ಅಂತೀನಿ. ಪೇಪರಲ್ಲಿ ಯಾವುದಾದ್ರೂ ನೋಟಿಫಿಕೇಶನ್ ಬಂದ್ರೆ ಕತ್ತರಿಸಿ ತಂದು ತೂಕದ ಮಷೀನ್ ಪಕ್ಕ ಇಟ್ಟು ಮಾತಾಡ್ದೇ ಹೋಗ್ತಾರೆ. ಮೊನ್ನೇದು ಇನ್ನೂ ಅಲ್ಲೇ ಇದೆ, ಗಾಳಿಗೆ ಹಾರೋದ್ರೆ ಹುಡುಕ್ತಾರೆ ಅಂತ ಅದರ ಮೇಲೆ ಒಂದು ಅಚ್ಚು ಬೆಲ್ಲ ಇಟ್ಟಿದೀನಿ.