ವಸಂತವನ್ನು ಮಣ್ಣಿಗಿಟ್ಟ ಮಧ್ಯಾಹ್ನ

ಇಂದು ಮಧ್ಯಾಹ್ನವಿಡೀ ತಣ್ಣನೆಯ ಮಣ್ಣಿನ ಮೇಲೆ ಮಂಡಿಯೂರಿ ಟ್ಯೂಲಿಪ್ ಗಡ್ಡೆಗಳನ್ನು ನೆಟ್ಟೆ. ಎಲೆಗಳೆಲ್ಲ ಉದುರಿ ತೋಟವು ಬರಿದಾಗಿ ಕಾಣುವ ಶರತ್ಕಾಲದ ಈ ಕೊನೆಯ ದಿನಗಳಲ್ಲಿಯೇ ವಸಂತದ ಕೆಲಸ ಆರಂಭವಾಗುತ್ತದೆ ಎಂಬುದು ಪ್ರತಿ ವರ್ಷವೂ ನನಗೆ ಹೊಸದಾಗಿಯೇ ಮನವರಿಕೆಯಾಗುತ್ತದೆ.

ಗಡ್ಡೆಯ ಎತ್ತರಕ್ಕಿಂತ ಮೂರು ಪಟ್ಟು ಆಳಕ್ಕೆ, ಎಂದರೆ ಸುಮಾರು 15 ಸೆಂಟಿಮೀಟರ್ ಕೆಳಗೆ, ಚೂಪಾದ ತುದಿ ಮೇಲೆ ಬರುವಂತೆ ಒಂದೊಂದನ್ನೇ ಇಟ್ಟು ಮಣ್ಣು ಮುಚ್ಚಿದೆ. ಸಲಿಕೆ ತಾಗಿ ಒಂದು ಗಡ್ಡೆ ಸೀಳಿಹೋಯಿತು. ಕಾಗದದಷ್ಟು ತೆಳುವಾದ ಕಂದು ಸಿಪ್ಪೆಯ ಒಳಗೆ, ಬಿಳಿಯ ಪದರಗಳ ನಡುವೆ, ಬರಲಿರುವ ಹೂವಿನ ಪುಟ್ಟ ಮೊಗ್ಗು ಆಗಲೇ ರೂಪುಗೊಂಡಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡುತ್ತ ಕುಳಿತೆ. ಹೂವು ಸಿದ್ಧವಾಗಿದ್ದರೂ ಅದರ ದಂಟು ಸರಿಯಾಗಿ ನೀಳವಾಗಿ ಬೆಳೆಯಬೇಕಾದರೆ 12ರಿಂದ 16 ವಾರಗಳ ಚಳಿ ಬೇಕೇ ಬೇಕು. ಚಳಿ ಸಾಲದೆ ಹೋದರೆ ಹೂವು ನೆಲಮಟ್ಟದಲ್ಲಿಯೇ ಕುಗ್ಗಿ ಉಳಿಯುತ್ತದೆ. ನಾವು ಸಹಿಸಿಕೊಳ್ಳಬೇಕಾದ ಋತುವೆಂದು ಭಾವಿಸುವ ಚಳಿಗಾಲವೇ ಅದಕ್ಕೆ ಆಹಾರದಷ್ಟು ಅಗತ್ಯವೆಂಬುದು ನನ್ನನ್ನು ಆಳವಾಗಿ ತಟ್ಟಿತು.

ವಸಂತದಲ್ಲಿ ಪರಿಮಳದ ಹೂ ಬಿಡುವ ಲೈಲಾಕ್ ಪೊದೆಗೆ ಕತ್ತರಿ ಹಾಕಲಿಲ್ಲ. ಅದರ ಮೊಗ್ಗುಗಳು ಬೇಸಿಗೆಯಲ್ಲಿಯೇ ಮೂಡಿರುವುದರಿಂದ ಈಗ ಸವರಿದರೆ ಮುಂದಿನ ಹೂವುಗಳನ್ನೇ ಕತ್ತರಿಸಿ ಎಸೆದಂತಾಗುತ್ತದೆ. ಒಣಗಿದ ಟೊಳ್ಳು ದಂಟುಗಳನ್ನೂ ಹಾಗೆಯೇ ಬಿಟ್ಟಿದ್ದೇನೆ, ಏಕೆಂದರೆ ಗುಂಪಾಗಿ ಬಾಳದೆ ಒಂಟಿಯಾಗಿಯೇ ಬದುಕುವ ಕೆಲವು ಜಾತಿಯ ಜೇನ್ನೊಣಗಳ ಮರಿಗಳು ಚಳಿಗಾಲವನ್ನು ಅವುಗಳೊಳಗೇ ಕಳೆಯುತ್ತವೆ. ಇವನ್ನೆಲ್ಲ ಕಡಿದು ನೆಲವನ್ನು ಚೊಕ್ಕಟ ಮಾಡುವುದೇ ಒಳ್ಳೆಯ ತೋಟಗಾರಿಕೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಗುಡಿಸಿದ ಎಲೆಗಳನ್ನು ತಂತಿಬಲೆಯ ಗೂಡಿನಲ್ಲಿ ತುಂಬಿ ನೀರು ಚಿಮುಕಿಸಿದ್ದೇನೆ. ಅವು ಕೊಳೆತು ಗೊಬ್ಬರವಾಗಲು ಒಂದೆರಡು ವರ್ಷಗಳೇ ಬೇಕು. ನಾಳೆ ಉಳಿದ ಹತ್ತು ಗಡ್ಡೆಗಳನ್ನು ನೆಡಬೇಕು.