ದನಿ ಇಳಿಸಿ ಹಾಡಿದವನ ಊರಿಗೆ

ಟೆಕ್ಸಾಸ್‌ನ ಕಾರ್ತೇಜ್ ಊರು ದಾಟಿ ಹೈವೇ 79ರಲ್ಲಿ ಪೂರ್ವಕ್ಕೆ ಸ್ವಲ್ಪ ಹೊತ್ತು ಹೋದರೆ ರಸ್ತೆ ಪಕ್ಕದಲ್ಲೇ ಒಂದು ಸಣ್ಣ ಪಾರ್ಕು ಸಿಗುತ್ತದೆ. ಸುತ್ತ ಪೈನ್ ಮರಗಳು. ಮರದ ದಿಮ್ಮಿ ಹೇರಿಕೊಂಡ ಲಾರಿ ಹಾದುಹೋದಾಗ ಬಿಸಿಗಾಳಿ ಮುಖಕ್ಕೆ ಬಡಿಯುತ್ತದೆ. ಲಾರಿ ಮರೆಯಾದ ಮೇಲೆ ಜೀರುಂಡೆ ಸದ್ದು ಮಾತ್ರ. ಅಲ್ಲಿ ಒಂದು ಆಳೆತ್ತರದ ಪ್ರತಿಮೆ ಇದೆ. ಅಮೆರಿಕದ ಹಳ್ಳಿ ಸೊಗಡಿನ ಕಂಟ್ರಿ ಸಂಗೀತದ ಹಾಡುಗಾರ ಜಿಮ್ ರೀವ್ಸ್ ಮಲಗಿರುವುದು ಇಲ್ಲೇ.

ಮುಂದೆಲ್ಲ ನಾನು ಅವನನ್ನು ಏಕವಚನದಲ್ಲೇ ಕರೆಯುತ್ತೇನೆ. ಅಗೌರವ ಅಂದುಕೊಳ್ಳಬೇಡಿ. ನಮ್ಮ ಮನೆಯಲ್ಲಿ ಅವನಿಗೆ ಯಾರೂ ಬಹುವಚನ ಹಾಕಿದವರಲ್ಲ. ಅಪ್ಪನಿಗಂತೂ ಅವನು ಯಾವತ್ತೂ "ನಮ್ಮ ಜಿಮ್ಮು".

ನಾನು ಬೆಳೆದಿದ್ದು ಕೆಜಿಎಫ್‌ನಲ್ಲಿ. ಅಪ್ಪ ಚಾಂಪಿಯನ್ ರೀಫ್ ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಆಂಗ್ಲೋ ಇಂಡಿಯನ್ ಕುಟುಂಬಗಳು ಜಾಸ್ತಿ ಇದ್ದ ಊರು ಅದು. ಲಿಟಲ್ ಇಂಗ್ಲೆಂಡ್ ಅಂತಲೇ ಹೆಸರಾಗಿತ್ತು. ಪಕ್ಕದ ಮನೆಯ ಆಂಟಿ ಹತ್ತಿರ ರೆಕಾರ್ಡ್ ಪ್ಲೇಯರ್ ಇತ್ತು. ಡಿಸೆಂಬರ್ ಬಂತೆಂದರೆ ಜಿಮ್ ಹಾಡಿದ ಕ್ರಿಸ್‌ಮಸ್ ಹಾಡುಗಳ ರೆಕಾರ್ಡ್ ತಿರುಗಲು ಶುರು. ಅವರ ಮನೆಯಿಂದ ಕೇಕಿನ ವಾಸನೆ, ನಮ್ಮ ಮನೆಯಿಂದ ಅವರೆಕಾಳು ಸಾರಿನ ವಾಸನೆ, ನಡುವಿನ ಗೋಡೆ ದಾಟಿ ಬರುವ ಆ ದನಿ.

ಅಪ್ಪನಿಗೆ ಆಫೀಸಿನ ಫೈಲಿನ ಇಂಗ್ಲಿಷ್ ಗೊತ್ತಿತ್ತು. ಹಾಡಿನ ಇಂಗ್ಲಿಷ್ ಕಿವಿಗೆ ಹತ್ತುತ್ತಿರಲಿಲ್ಲ. ಬೇರೆ ಇಂಗ್ಲಿಷ್ ಹಾಡು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು. ಜಿಮ್ ಹಾಡಿದರೆ ಮಾತ್ರ ಕುರ್ಚಿಯನ್ನು ಗೋಡೆ ಹತ್ತಿರ ಎಳೆದುಕೊಂಡು ಕೂರುತ್ತಿದ್ದರು. "ಇವನು ಹೇಳೋದು ಅರ್ಥ ಆಗುತ್ತೆ ಕಣೋ. ಪಕ್ಕದಲ್ಲಿ ಕೂತ್ಕೊಂಡು ಹೇಳ್ತಾನೆ" ಅನ್ನುತ್ತಿದ್ದರು. ಪಿ.ಬಿ. ಶ್ರೀನಿವಾಸ್ ಅಂದರೆ ಅವರಿಗೆ ಪ್ರಾಣ. ಇಬ್ಬರದ್ದೂ ಒಂದೇ ಜಾತಿಯ ಗಂಟಲು ಅಂತ ಅವರ ವಾದ. ಈಗ ಕೇಳಿದರೆ ನನಗೂ ಹಾಗೇ ಅನಿಸುತ್ತದೆ. ಇಬ್ಬರೂ ದನಿ ಎತ್ತದೆ ಎದೆಗೆ ಮುಟ್ಟಿಸಿದವರು.

ಡಲ್ಲಾಸ್ ಹತ್ತಿರದ ಪ್ಲೇನೋಗೆ ಬಂದು ನೆಲೆಸಿ ಹನ್ನೆರಡು ವರ್ಷವಾಗಿತ್ತು. ಜಿಮ್ ಹುಟ್ಟಿದ ಊರು ಮನೆಯಿಂದ ಮೂರು ಗಂಟೆ ದಾರಿ ಅಂತ ಗೊತ್ತಿದ್ದೂ ಹೋಗಿರಲಿಲ್ಲ. ಹೋದ ವರ್ಷ ಅಪ್ಪನಿಗೆ ಎಂಬತ್ತು ತುಂಬಿತು. ಫೋನಿನಲ್ಲಿ ಸುಮ್ನೆ ಕೇಳಿದರು, "ಅಷ್ಟು ಹತ್ತಿರ ಇದ್ದೀಯ, ನಮ್ಮ ಜಿಮ್ಮು ಸಮಾಧಿ ನೋಡಿದ್ಯಾ?" ಲೇಬರ್ ಡೇ ರಜೆಗೆ ಒಂದು ದಿನ ಸೇರಿಸಿ ಹೊರಟೆ. ಅವನು ಹುಟ್ಟಿದ ಜಾಗದಿಂದ ಅವನ ದನಿ ರೆಕಾರ್ಡ್ ಆದ ಜಾಗದವರೆಗೆ, ಅಂದರೆ ಕಾರ್ತೇಜ್‌ನಿಂದ ನ್ಯಾಶ್‌ವಿಲ್‌ವರೆಗೆ.

ಕಾರ್ತೇಜ್ ಇರುವುದು ಪನೋಲಾ ಕೌಂಟಿಯಲ್ಲಿ. ಟೆಕ್ಸಾಸ್ ಅಂದರೆ ಬಯಲು, ಕಳ್ಳಿಗಿಡ ಅಂದುಕೊಂಡವರು ಈ ಕಡೆ ಬರಬೇಕು. ಲೂಸಿಯಾನ ಗಡಿ ಹತ್ತಿರವಾದಂತೆ ಕೆಂಪು ಮಣ್ಣು, ದಟ್ಟ ಕಾಡು. ಕೆಂಪು ಮಣ್ಣು ಕಂಡರೆ ಕೋಲಾರದವರಿಗೆ ಮನೆ ನೆನಪಾಗದೆ ಇರುತ್ತದಾ? ಊರಿನಲ್ಲಿ ಟೆಕ್ಸಾಸ್ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಇದೆ. ಕೌಂಟರಿನಲ್ಲಿದ್ದ ಅಜ್ಜಿ ನನ್ನ ಮುಖ ನೋಡಿದ ಕೂಡಲೇ "ಜಿಮ್‌ಗೆ ಬಂದಿದ್ದಾ?" ಅಂತ ಕೇಳಿದರು. ದೂರದ ದೇಶದವರು ಅವನನ್ನು ಹುಡುಕಿಕೊಂಡು ಬರುವುದು ಅವರಿಗೆ ಹೊಸದಲ್ಲ. ದಕ್ಷಿಣ ಆಫ್ರಿಕಾ, ನಾರ್ವೆ, ಶ್ರೀಲಂಕಾ, ನಮ್ಮ ಈಶಾನ್ಯ ರಾಜ್ಯಗಳು, ಕೇರಳ, ಎಲ್ಲ ಕಡೆ ಅವನಿಗೆ ಮನೆಗಳಿವೆ. ಆಫ್ರಿಕಾನ್ಸ್ ಭಾಷೆ ಗೊತ್ತಿಲ್ಲದಿದ್ದರೂ ಆ ಭಾಷೆಯಲ್ಲೂ ಹಾಡಿದವನು ಅವನು.

ಜಿಮ್ ಹುಟ್ಟಿದ್ದು 1923ರ ಆಗಸ್ಟ್ 20ರಂದು, ಇಲ್ಲೇ ಹತ್ತಿರದ ಗ್ಯಾಲೋವೇ ಅನ್ನುವ ಹಳ್ಳಿಯಲ್ಲಿ. ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ಮನೆ ತುಂಬ ಮಕ್ಕಳು. ತಾಯಿ ಹೊಲದಲ್ಲಿ ದುಡಿದು ಸಾಕಿದರು. ಅವನಿಗೆ ಮೊದಲು ಹುಚ್ಚಿದ್ದದ್ದು ಬೇಸ್‌ಬಾಲ್ ಮೇಲೆ. ಚೆಂಡು ಎಸೆಯುವ ಆಟಗಾರನಾಗಿ ಸಣ್ಣ ಲೀಗ್‌ವರೆಗೂ ಹೋದ. ಕಾಲಿನ ನರಕ್ಕೆ ಪೆಟ್ಟು ಬಿದ್ದು ಆಟ ನಿಂತಿತು. ಆಮೇಲೆ ರೇಡಿಯೋದಲ್ಲಿ ಅನೌನ್ಸರ್ ಆದ. ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. ಅನೌನ್ಸರ್ ಕಲಿಯುವ ಮೊದಲ ಪಾಠವೇ ಮೈಕಿನ ಆಚೆ ಒಬ್ಬರೇ ಒಬ್ಬರು ಕೂತಿದ್ದಾರೆ ಅಂದುಕೊಂಡು ಮಾತಾಡುವುದು, ಅಲ್ವಾ?

ಸಮಾಧಿ ಹತ್ತಿರ ನಾನು ಒಂದು ಗಂಟೆ ಇದ್ದೆ. ಬೇರೆ ಯಾರೂ ಬರಲಿಲ್ಲ. ಕಲ್ಲಿನಲ್ಲಿ ಕೊರೆದ ಅಕ್ಷರಗಳ ಸಂದಿಯಲ್ಲಿ ಒಣಗಿದ ಪೈನ್ ಸೂಜಿಗಳು ಸಿಕ್ಕಿಕೊಂಡಿದ್ದವು. ಕೂತು ಒಂದೊಂದೇ ಬಿಡಿಸಿದೆ. ಸಾಲುಗಳು ಪೂರ್ತಿ ಕಂಡವು. ಈ ಸಾಮಾನ್ಯ ಹಾಡುಗಾರ ಒಂದು ಹನಿ ಕಣ್ಣೀರು ಒಣಗಿಸಿದ್ದರೆ, ನೋವು ತಿನ್ನುವ ಒಂದು ಬಡ ಜೀವಕ್ಕೆ ಸಮಾಧಾನ ತಂದಿದ್ದರೆ, ಹಾಡಿದ ಒಂದು ನುಡಿಯೂ ವ್ಯರ್ಥವಲ್ಲ ಅನ್ನುವ ಅರ್ಥದ ಸಾಲುಗಳು. ಓದಿದಾಗ ಗಂಟಲು ಕಟ್ಟಿತು. ಅಮ್ಮ ತೀರಿಕೊಂಡ ವರ್ಷ ಅಪ್ಪ ರಾತ್ರಿಯೆಲ್ಲ ಹಳೇ ಟೇಪ್‌ರೆಕಾರ್ಡರ್ ಮುಂದೆ ಕೂರುತ್ತಿದ್ದರು. ಒಂದು ಕಡೆ ಪಿಬಿಎಸ್ ಕ್ಯಾಸೆಟ್, ಇನ್ನೊಂದು ಕಡೆ ಜಿಮ್ ಕ್ಯಾಸೆಟ್. ಅಳುವುದಕ್ಕೂ ಬಾರದ ಮನುಷ್ಯ ಅವರು. ಆ ಎರಡು ದನಿಗಳೇ ಅವರನ್ನು ದಾಟಿಸಿದವು.

ಜಿಮ್ ಸಾಕಿದ್ದ ಷೈಯೆನ್ ಅನ್ನುವ ಕೋಲಿ ನಾಯಿಯನ್ನೂ ಇದೇ ಆವರಣದಲ್ಲಿ ಮಣ್ಣು ಮಾಡಿದ್ದಾರೆ. ಅದಕ್ಕೂ ಕೈಮುಗಿದು ಹೊರಟೆ.

ಶ್ರೀವ್‌ಪೋರ್ಟ್‌ನಲ್ಲಿ ಮುನಿಸಿಪಲ್ ಆಡಿಟೋರಿಯಂ ಅನ್ನು ಹೊರಗಿನಿಂದಷ್ಟೇ ನೋಡಿದೆ. 'ಲೂಸಿಯಾನ ಹೇರೈಡ್' ರೇಡಿಯೋ ಕಾರ್ಯಕ್ರಮ ನಡೆಯುತ್ತಿದ್ದದ್ದು ಈ ಕಟ್ಟಡದಲ್ಲಿ. ಮುಂದೆ ರಾಕ್ ಹಾಡುಗಾರ ಎಲ್ವಿಸ್ ಪ್ರೆಸ್ಲಿ ಪ್ರತಿಮೆ ಇದೆ, ಎಲ್ಲರೂ ಅದರ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಜಿಮ್ ಇಲ್ಲಿ ಅನೌನ್ಸರ್ ಆಗಿ ಬಂದು ಹಾಡುಗಾರನಾದ. ಆ ಕಾಲದ, ಅಂದರೆ 1953ರ ಸುತ್ತಿನ ಹಾಡುಗಳನ್ನು ಕಾರಿನಲ್ಲಿ ಹಾಕಿಕೊಂಡು ಹೋದೆ. ನಿಜ ಹೇಳಬೇಕೆಂದರೆ ಅವು ನಮ್ಮ ಜಿಮ್ಮು ಅನಿಸುವುದಿಲ್ಲ. ದನಿ ಮೇಲೆ, ಲಯ ಜೋರು, ಜಾತ್ರೆಯಲ್ಲಿ ನಿಂತು ಕೂಗಿ ಹಾಡಿದ ಹಾಗೆ. ಚೆನ್ನಾಗಿಯೇ ಇವೆ. ಆದರೆ ಅಪ್ಪ ಕುರ್ಚಿ ಎಳೆದುಕೊಳ್ಳುತ್ತಿರಲಿಲ್ಲ.

ರಾತ್ರಿ ಅರ್ಕಾನ್ಸಾಸ್‌ನ ಲಿಟಲ್ ರಾಕ್‌ನಲ್ಲಿ ಉಳಿದು ಬೆಳಿಗ್ಗೆ ನ್ಯಾಶ್‌ವಿಲ್ ಕಡೆ ಹೊರಟೆ. ಸುಮಾರು 560 ಕಿಲೋಮೀಟರ್ ದಾರಿ. ಮೆಂಫಿಸ್ ದಾಟಿ ಎರಡು ಗಂಟೆಯ ಮೇಲೆ ಕ್ಯಾಮ್ಡೆನ್ ಅನ್ನುವ ಬೋರ್ಡ್ ಕಂಡಿತು. ಮೈ ಜುಮ್ಮೆಂದಿತು. 1963ರ ಮಾರ್ಚ್ 5ರಂದು ಕಂಟ್ರಿ ಹಾಡುಗಾರ್ತಿ ಪ್ಯಾಟ್ಸಿ ಕ್ಲೈನ್ ಇದ್ದ ವಿಮಾನ ಬಿದ್ದದ್ದು ಆ ಊರಿನ ಹತ್ತಿರದ ಕಾಡಿನಲ್ಲಿ. ಜಿಮ್ ಹೋಗಿದ್ದು ಅದರ ಮುಂದಿನ ವರ್ಷ.

ಬೋರ್ಡ್ ದಾಟಿ ಅರ್ಧ ಗಂಟೆಯಲ್ಲಿ ಮಳೆ ಹಿಡಿಯಿತು. ವೈಪರ್ ಎಷ್ಟು ಜೋರಾಗಿ ಆಡಿದರೂ ಮುಂದಿನ ಲಾರಿಯ ಕೆಂಪು ದೀಪವೇ ಕಾಣುತ್ತಿರಲಿಲ್ಲ. ರೆಸ್ಟ್ ಏರಿಯಾ ಸಿಕ್ಕಿತು, ಕಾರು ನಿಲ್ಲಿಸಿ ಕೂತೆ. 1964ರ ಜುಲೈ 31ರಂದು ಜಿಮ್ ಕೂಡ ಹೀಗೇ ಅರ್ಕಾನ್ಸಾಸ್‌ನಿಂದ ನ್ಯಾಶ್‌ವಿಲ್‌ಗೆ ವಾಪಸ್ ಬರುತ್ತಿದ್ದ. ಬೇಟ್ಸ್‌ವಿಲ್ ಅನ್ನುವಲ್ಲಿ ಜಮೀನು ವ್ಯವಹಾರ ಇತ್ತು. ಸಣ್ಣ ಬೀಚ್‌ಕ್ರಾಫ್ಟ್ ವಿಮಾನ, ತಾನೇ ಪೈಲಟ್, ಜೊತೆಗೆ ಅವನ ಪಿಯಾನೋ ವಾದಕ ಡೀನ್ ಮ್ಯಾನ್ಯುವೆಲ್. ಊರು ಇನ್ನೇನು ಬಂತು ಅನ್ನುವಾಗ ಬಿರುಮಳೆಗೆ ಸಿಕ್ಕಿ ಬ್ರೆಂಟ್‌ವುಡ್ ಹತ್ತಿರದ ಕಾಡಿನಲ್ಲಿ ಬಿದ್ದರು. ಗೆಳೆಯರು, ಹಾಡುಗಾರರು ಎಲ್ಲ ಸೇರಿ ಎರಡು ದಿನ ಹುಡುಕಿದರು. ನಲವತ್ತೊಂದು ತುಂಬಲು ಇನ್ನು ಇಪ್ಪತ್ತು ದಿನ ಬಾಕಿ ಇತ್ತು. ನನಗೆ ಕಾರು ಪಕ್ಕಕ್ಕೆ ಹಾಕಿ ಕೂರಲು ಜಾಗ ಇತ್ತು. ಆಕಾಶದಲ್ಲಿ ಎಲ್ಲಿ ನಿಲ್ಲಿಸುವುದು? ಮಳೆ ನಿಂತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.

ಪ್ಯಾಟ್ಸಿ, ಜಿಮ್ ಇಬ್ಬರೂ ಬದುಕಿದ್ದಾಗ ಯಾವತ್ತೂ ಯುಗಳ ಗೀತೆ ರೆಕಾರ್ಡ್ ಮಾಡಿರಲಿಲ್ಲ. ಇಬ್ಬರೂ ಬೇರೆ ಬೇರೆಯಾಗಿ ಹಾಡಿದ್ದ ಒಂದೇ ಹಾಡಿನ ಟೇಪುಗಳಿಂದ ದನಿ ಬಿಡಿಸಿ, ಜೋಡಿಸಿ 1981ರಲ್ಲಿ ಬಿಡುಗಡೆ ಮಾಡಿದರು. ಜಿಮ್ ಹೆಂಡತಿ ಮೇರಿ ಅವನು ಬಿಟ್ಟುಹೋದ ಟೇಪುಗಳನ್ನು ಕಾಪಾಡಿಕೊಂಡು ವರ್ಷ ವರ್ಷವೂ ಹೊಸ ಹಾಡು ಹೊರಗೆ ಬರುವ ಹಾಗೆ ನೋಡಿಕೊಂಡರು. 'ಡಿಸ್ಟಂಟ್ ಡ್ರಮ್ಸ್' ಮೊದಲು ಬರೀ ಡೆಮೋ, ಅಂದರೆ ಕಚ್ಚಾ ರೆಕಾರ್ಡಿಂಗ್. ಆಮೇಲೆ ವಾದ್ಯ ಸೇರಿಸಿದರು. ಅದು 1966ರಲ್ಲಿ ಬ್ರಿಟನ್ನಿನಲ್ಲಿ ಐದು ವಾರ ಒಂದನೇ ಸ್ಥಾನದಲ್ಲಿತ್ತು. ಬೀಟಲ್ಸ್ ಕಾಲ ಅದು. ಹಾಡಿದವನು ತೀರಿಕೊಂಡು ಆಗಲೇ ಎರಡು ವರ್ಷ.

ನ್ಯಾಶ್‌ವಿಲ್‌ನಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ನ ಗೋಡೆಯ ಮೇಲೆ ಅವನ ಕಂಚಿನ ಫಲಕ ನೋಡಿದೆ. 1967ರಲ್ಲಿ ಸೇರಿಸಿದ್ದು. ಅಲ್ಲಿಂದ ಸಣ್ಣ ಬಸ್ಸಿನಲ್ಲಿ ಆರ್‌ಸಿಎ ರೆಕಾರ್ಡ್ ಕಂಪನಿಯ ಹಳೇ ಸ್ಟುಡಿಯೋ ಬಿ ಗೆ ಕರೆದುಕೊಂಡು ಹೋಗುತ್ತಾರೆ. ನಾನು ಇಷ್ಟು ದೂರ ಬಂದದ್ದೇ ಇದಕ್ಕೆ.

ಹೊರಗಿನಿಂದ ಅದು ಗೋಡೌನ್ ಹಾಗಿದೆ. ಒಳಗೆ ಮಾಮೂಲಿ ಟೈಲ್ಸ್ ನೆಲ, ಒಂದು ಸ್ಟೈನ್‌ವೇ ಪಿಯಾನೋ. 1957ರ ಕೊನೆಯಲ್ಲಿ ಶುರುವಾದ ಸ್ಟುಡಿಯೋ. ಅದೇ ವರ್ಷದ ಫೆಬ್ರವರಿಯಲ್ಲಿ, ಇದು ತೆರೆಯುವ ಮೊದಲು, ಜಿಮ್ 'ಫೋರ್ ವಾಲ್ಸ್' ಹಾಡಿದ್ದ. ಅಲ್ಲಿಂದಲೇ ಅವನ ದಾರಿ ಬದಲಾದದ್ದು. ಅದು ಹೆಂಗಸರು ಹಾಡುವ ಹಾಡು ಅಂತ ನಿರ್ಮಾಪಕ ಚೆಟ್ ಆಟ್ಕಿನ್ಸ್ ಮೊದಲು ಹಿಂಜರಿದಿದ್ದರು. ಜಿಮ್ ಹಟ ಹಿಡಿದ. ದನಿ ಇಳಿಸಿ, ತುಟಿ ಮೈಕಿಗೆ ತಾಗುವಷ್ಟು ಹತ್ತಿರ ನಿಂತು ಹಾಡಿದ. ಪಿಟೀಲು, ಸ್ಟೀಲ್ ಗಿಟಾರ್ ಹಿಂದೆ ಸರಿದವು. ಮೆತ್ತಗಿನ ಪಿಯಾನೋ, ಗುನುಗುವ ಕೋರಸ್ ಬಂದವು. ಜಾತ್ರೆಯ ಕೂಗು ಹೋಗಿ ಪಕ್ಕದ ಕುರ್ಚಿಯ ಮಾತು ಬಂತು.

ಸ್ಟುಡಿಯೋ ಬಿ ನೆಲದ ಮೇಲೆ ಒಂದು ಎಕ್ಸ್ ಗುರುತಿದೆ. ಈ ಕೋಣೆಯಲ್ಲಿ ಮೊದಮೊದಲು ಕೆಲವು ಸ್ವರಗಳು ವಿಪರೀತ ಗುಂಯ್‌ಗುಡುತ್ತಿದ್ದವಂತೆ. ಎಂಜಿನಿಯರ್ ಬಿಲ್ ಪೋರ್ಟರ್ 60 ಡಾಲರ್ ಖರ್ಚು ಮಾಡಿ ಫೈಬರ್‌ಗ್ಲಾಸ್ ಹಾಳೆ ತಂದರು. ಅದನ್ನು ತ್ರಿಕೋನವಾಗಿ ಕತ್ತರಿಸಿ ಸೂರಿನಿಂದ ತೂಗುಹಾಕಿದರು. ಆಮೇಲೆ ಸದ್ದು ಎಲ್ಲಿ ಅತಿ ಸ್ವಚ್ಛವಾಗಿ ಕೇಳುತ್ತದೆ ಅಂತ ಹುಡುಕಿ ನೆಲದ ಮೇಲೆ ಗುರುತು ಹಾಕಿದರು. ಹಾಡುವವರು ನಿಲ್ಲುತ್ತಿದ್ದದ್ದು ಅಲ್ಲೇ. ನಾನೂ ನಿಂತೆ. ಒಂದು ಸಲ ಮೆಲ್ಲಗೆ ಚಪ್ಪಾಳೆ ತಟ್ಟಿದೆ. ಸದ್ದು ಗೋಡೆಗೆ ಹೋಗಿ ವಾಪಸ್ ಬರಲಿಲ್ಲ. ಕೈಯಲ್ಲೇ ಮುಗಿಯಿತು.

ಉಳಿದವರೆಲ್ಲ ಎಲ್ವಿಸ್ ಕೇಳಿದರು. ನಾನು ಗೈಡ್ ಹುಡುಗಿಯನ್ನು ಜಿಮ್ ರೀವ್ಸ್ ಹಾಕ್ತೀರಾ ಅಂತ ಕೇಳಿದೆ. ನಕ್ಕು ದೀಪ ಕಮ್ಮಿ ಮಾಡಿ 'ಹೀಲ್ ಹ್ಯಾವ್ ಟು ಗೋ' ಹಾಕಿದಳು. ಅದು 1959ರ ಅಕ್ಟೋಬರ್‌ನಲ್ಲಿ ಇದೇ ಕೋಣೆಯಲ್ಲಿ ಹಾಡಿದ್ದು. ಪಿಯಾನೋ ಫ್ಲಾಯ್ಡ್ ಕ್ರೇಮರ್. ರೆಕಾರ್ಡಿನಲ್ಲಿ ಮೊದಲು ಮುಂದೆ ಮಾಡಿದ್ದು ಬೇರೆ ಹಾಡನ್ನು. ಇದು ಹಿಂದಿನ ಮಗ್ಗುಲಲ್ಲಿತ್ತು. ರೇಡಿಯೋದವರೇ ತಿರುಗಿಸಿ ಹಾಕಿದರು. ಕಂಟ್ರಿ ಪಟ್ಟಿಯಲ್ಲಿ 14 ವಾರ ಮೊದಲನೇ ಸ್ಥಾನದಲ್ಲಿತ್ತು. ಬಾರ್‌ನಿಂದ ಒಬ್ಬ ಗಂಡಸು ತಾನು ಪ್ರೀತಿಸುವವಳಿಗೆ ಫೋನ್ ಮಾಡುತ್ತಾನೆ. ಅವಳ ಪಕ್ಕದಲ್ಲಿ ಬೇರೆ ಯಾರೋ ಇದ್ದಾನೆ. ಇವನು ಕೂಗಾಡುವುದಿಲ್ಲ. ಫೋನಿಗೆ ಇನ್ನೊಂಚೂರು ಹತ್ತಿರ ಬಾ ಅನ್ನುತ್ತಾನೆ, ಅಷ್ಟೇ. ಕಥೆ ಪೂರ್ತಿ ಆ ಪಿಸುಮಾತಿನಲ್ಲೇ ಇದೆ.

ದೊಡ್ಡ ಸ್ಪೀಕರಿನಿಂದ ಮೊದಲ ಪದ ಬಂತು. ಆ ಕೆಳಸ್ವರಕ್ಕೆ ಇಳಿಯುವ ಮೊದಲು ಅವನು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಮನೆಯ ಕ್ಯಾಸೆಟ್ಟಿನಲ್ಲಿ ಯಾವತ್ತೂ ಕೇಳಿಸದ ಉಸಿರು ಅದು. ಏಳೆಂಟು ಜನ ಟೂರಿಸ್ಟ್‌ಗಳು, ಯಾರೂ ಮಿಸುಕಲಿಲ್ಲ. ನನ್ನ ಕಣ್ಣು ಒದ್ದೆಯಾಗಿತ್ತು. ಒರೆಸಿಕೊಳ್ಳಲಿಲ್ಲ.

ರಾತ್ರಿ ಒಂಬತ್ತಕ್ಕೆ ಹೋಟೆಲಿನಿಂದ ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ ಏಳೂವರೆ. ಕಾಫಿ ಕುಡಿದು ಪೇಪರ್ ಹಿಡಿದು ಕೂತಿದ್ದರು. ಈಗ ಅವರಿಗೆ ಕಿವಿ ಮಂದ. ಸಮಾಧಿ ಬಗ್ಗೆ ಹೇಳಿದೆ. ನಾಯಿ ಬಗ್ಗೆ ಎರಡು ಸಲ ಕೇಳಿದರು. ಸ್ಟುಡಿಯೋ ಎಷ್ಟು ದೊಡ್ಡದು ಅಂದರು. ನಮ್ಮ ಶಾಲೆಯ ಹಾಲ್‌ಗಿಂತ ಚಿಕ್ಕದು ಅಂದೆ. "ಅಷ್ಟೇನಾ!" ಅಂದು ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ, "ಆ ಹಾಡು ಇದೆಯಾ? ಹಾಕು" ಅಂದರು.

ಲ್ಯಾಪ್‌ಟಾಪಿನಲ್ಲಿ ಹಾಡು ಹಾಕಿ ಫೋನನ್ನು ಮುಂದೆ ಹಿಡಿದೆ. ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಸರಿಯಾಗಿ ಕೇಳಿಸ್ತಿಲ್ಲ ಕಣೋ" ಅಂದರು ಅಪ್ಪ. "ಇನ್ನೊಂಚೂರು ಹತ್ತಿರ ಹಿಡಿ."