ಸೈನಸ್ ಲಿಫ್ಟ್‌ಗೆ ಯಾವ ಮೂಳೆ ಪುಡಿ?

ಮೇಲ್ದವಡೆಯ ಹಿಂದಿನ ಹಲ್ಲು ಹೋಗಿ ವರ್ಷಗಳಾದರೆ ಅಲ್ಲಿನ ಮೂಳೆ ಎರಡೂ ಕಡೆ ಸವೆಯುತ್ತದೆ. ಕೆಳಗೆ ಅಂಚು ಕರಗಿದರೆ ಮೇಲಿನಿಂದ ಸೈನಸ್, ಅಂದರೆ ಕೆನ್ನೆಯ ಮೂಳೆಯೊಳಗಿನ ಗಾಳಿಗೂಡು, ಇಳಿಯುತ್ತದೆ. ಅದರ ತಳದ ಪೊರೆಯನ್ನು ಮೇಲೆತ್ತಿ ಕೆಳಗೆ ಮೂಳೆ ಪುಡಿ ತುಂಬುವುದೇ ಸೈನಸ್ ಲಿಫ್ಟ್. ಸಿಬಿಸಿಟಿಯಲ್ಲಿ (ದವಡೆಯ 3ಡಿ ಸ್ಕ್ಯಾನ್) 4–5 ಮಿ.ಮೀ. ಮೂಳೆ ಕಂಡರೆ ಗ್ರಾಫ್ಟ್ (ತುಂಬುವ ಮೂಳೆ) ಜೊತೆಗೇ ಇಂಪ್ಲಾಂಟ್ (ಕೃತಕ ಹಲ್ಲಿನ ಬೇರಾಗುವ ತಿರುಪು) ಹಾಕಬಹುದು. ಅದಕ್ಕೂ ಕಡಿಮೆಯಿದ್ದರೆ ಇಂಪ್ಲಾಂಟ್ ಬಿಗಿಯಾಗಿ ನಿಲ್ಲುವುದು ಕಷ್ಟ. ಮೊದಲು ಮೂಳೆ ತುಂಬಿ ಕಾಯುವುದೇ ಲೇಸು.

ರೋಗಿಯ ಸ್ವಂತ ಮೂಳೆಯೇ ಶ್ರೇಷ್ಠ ಅನ್ನುವುದು ಹಳೆಯ ಮಾತು. ಅದರಲ್ಲಿ ಜೀವಕೋಶಗಳಿರುತ್ತವೆ, ಬೇಗ ಕೂಡಿಕೊಳ್ಳುತ್ತದೆ, ನಿಜ. ಆದರೆ ಬೇಗ ಕರಗುತ್ತದೆ ಕೂಡ, ಜೊತೆಗೆ ಗದ್ದದಲ್ಲೋ ಕೆಳದವಡೆಯಲ್ಲೋ ಇನ್ನೊಂದು ಗಾಯ. ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಕೃತಕ ಖನಿಜ ಒಂದನ್ನೇ ಹಾಕಿದರೂ ಎತ್ತರ ಕುಗ್ಗುವ ಭಯ. ಅದಕ್ಕೇ ನಿಧಾನಕ್ಕೆ ಕರಗುವ ಹೈಡ್ರಾಕ್ಸಿಅಪಟೈಟ್ ಬೆರೆಸಿದ ಪುಡಿಗಳಿವೆ. ಸಾವಯವ ಅಂಶ ತೆಗೆದ ದನದ ಮೂಳೆಯ ಖನಿಜ ಬಹಳ ನಿಧಾನಕ್ಕೆ ಕರಗುತ್ತದೆ. ಉಸಿರಿನ ಒತ್ತಡ ಸದಾ ಇರುವ ಜಾಗದಲ್ಲಿ ಬೇಕಾದದ್ದು ಅದೇ ಗುಣ. ಸೈನಸ್ಸಿನ ಪಕ್ಕದ ಗೋಡೆಯಲ್ಲಿ ಕಿಟಕಿ ಕೊರೆಯುವಾಗ ಕೆರೆದ ಸ್ವಂತ ಮೂಳೆಯನ್ನು ಐದರಲ್ಲಿ ಒಂದು ಪಾಲು ಬೆರೆಸಿದರೆ ಇನ್ನೂ ಒಳ್ಳೆಯದು. ಪುಡಿ ದನದ್ದೋ, ಮನುಷ್ಯರದ್ದೋ ಎಂಬುದನ್ನು ರೋಗಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು.

ತುಂಬುವಾಗಲೂ ಕೆಲಸ ಕೆಡಬಹುದು. ಪುಡಿಯನ್ನು ಸಲೈನ್ ಅಥವಾ ಗಾಯದ ರಕ್ತದಲ್ಲಿ ನೆನೆಸಿದಾಗ ಒದ್ದೆ ಮರಳಿನಂತೆ ಒಟ್ಟಾಗಿ ನಿಲ್ಲಬೇಕು, ನೀರು ಸೋರಬಾರದು. ಮೊದಲು ಒಳಗೋಡೆಯ ಕಡೆ ಮತ್ತು ಮುಂದಿನ ಮೂಲೆಗೆ ತುಂಬಿ, ಇಂಪ್ಲಾಂಟ್ ಕೂರಿಸಿ, ಆಮೇಲೆ ಹೊರಗಡೆ. ಒತ್ತಿ ಒತ್ತಿ ತುರುಕಬೇಡಿ. ಕಾಳುಗಳ ಸಂದಿಯಲ್ಲೇ ರಕ್ತನಾಳ ನುಗ್ಗಬೇಕು. ಸಂದಿ ಮುಚ್ಚಿದರೆ ಒಳಗೆ ಬರೀ ಪುಡಿಯೇ ಉಳಿಯುತ್ತದೆ. 1–2 ಮಿ.ಮೀ. ಕಾಳು ಈ ಸಂದಿಯನ್ನು ಚೆನ್ನಾಗಿ ಕಾಯುತ್ತದೆ. ಅತಿಯಾಗಿ ತುಂಬಿದರೆ ಮೂಗಿಗೆ ತೆರೆಯುವ ಸೈನಸ್ಸಿನ ಬಾಯಿ ಕಟ್ಟಿ ಸೋಂಕು ಬರಬಹುದು.

ತುಂಬುವ ಮುನ್ನ ಪೊರೆ ನೋಡಿ: ರೋಗಿ ಉಸಿರಾಡಿದಂತೆ ಅದು ಏರಿಳಿಯಬೇಕು. 5 ಮಿ.ಮೀ. ಒಳಗಿನ ತೂತಾದರೆ ಸುತ್ತ ಪೊರೆ ಬಿಡಿಸಿ, ಕೊಲಾಜೆನ್ ಹಾಳೆ ಹೊದಿಸಿ ಮುಂದುವರಿಯಬಹುದು. ದೊಡ್ಡದಾಗಿ ಹರಿದು ಮುಚ್ಚಲಾಗದಿದ್ದರೆ ಪುಡಿ ಹಾಕಬೇಡಿ, ಹೊಲಿದು ಕೆಲವು ತಿಂಗಳು ಬಿಡಿ. ಕಾಳು ಸೈನಸ್ಸಿನೊಳಗೆ ಚೆಲ್ಲಿದರೆ ತೊಂದರೆಯಾಗಬಹುದು.

ಮುಂದಿನ ಎರಡು ವಾರ ಸಿಂಬಳ ತೆಗೆಯಲು ಮೂಗಿನಿಂದ ಜೋರಾಗಿ ಗಾಳಿ ಊದುವಂತಿಲ್ಲ. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಸಿಗರೇಟು ಬೇಡ.

ಎಕ್ಸ್‌ರೇ ನೋಡಿ ಮೋಸಹೋಗಬೇಡಿ. ದನದ ಮೂಳೆಯ ಖನಿಜ ಮೊದಲ ದಿನವೇ ಬೆಳ್ಳಗೆ ಕಾಣುತ್ತದೆ, ಅದು ಹೊಸ ಮೂಳೆಯಲ್ಲ. ಆರು ತಿಂಗಳಿಗೂ ಮುಂಚೆ ಅವಸರದಲ್ಲಿ ಡ್ರಿಲ್ ಇಟ್ಟರೆ ಗಟ್ಟಿ ಮೂಳೆಯ ಬದಲು ಕಾಳು ಉದುರಬಹುದು.